ಅಪ್ಪನ ಮನೆಯ ಡಬ್ಬಿ, ನನ್ನ ಟಿವಿ

ಪರದೇಶಕ್ಕೆ ಬಂದ ಮೊದಲ ವಾರವೇ ಊರಿನ ಟಿವಿ ಆ್ಯಪ್ ತೆರೆದೆ. ಈ ಕಾರ್ಯಕ್ರಮ ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ ಎಂದಿತು. ಚಂದಾ ಕಟ್ಟಿದ್ದು ನಾನೇ ಅಲ್ವಾ, ಸಿಟ್ಟು ಬಂತು. ಆದರೆ ಪ್ರಸಾರದ ಹಕ್ಕನ್ನು ಒಂದೊಂದು ದೇಶಕ್ಕೂ ಬೇರೆ ಬೇರೆಯಾಗಿ ಮಾರುತ್ತಾರೆ. ಚಾನೆಲ್‌ನವರು ತಮ್ಮ ದೇಶದ್ದಷ್ಟೇ ಕೊಂಡಿದ್ದರೆ ಹೊರಗಿನವರಿಗೆ ಬಾಗಿಲು ಹಾಕಲೇಬೇಕು. ನಾವು ಎಲ್ಲಿದ್ದೇವೆ ಅನ್ನೋದನ್ನು ಮುಖ್ಯವಾಗಿ ಐಪಿ ವಿಳಾಸ, ಅಂದರೆ ನಮ್ಮ ಇಂಟರ್ನೆಟ್ ಕನೆಕ್ಷನ್‌ಗೆ ಸಿಕ್ಕ ಸಂಖ್ಯೆ, ನೋಡಿ ಹೇಳುತ್ತಾರೆ. ಫೋನ್ ಆ್ಯಪ್ ಆದರೆ ಕೆಲವೊಮ್ಮೆ ಜಿಪಿಎಸ್ ಕೂಡ ಕೇಳುತ್ತದೆ.

ನಮ್ಮ ಇಂಟರ್ನೆಟ್ ಓಡಾಟವನ್ನು ಬೇರೆ ಕಡೆಯ ಕಂಪ್ಯೂಟರ್ ಮೂಲಕ ಹಾಯಿಸುವ ವ್ಯವಸ್ಥೆಗೆ ವಿಪಿಎನ್ ಅನ್ನುತ್ತಾರೆ. ಮೊದಲು ಪುಕ್ಕಟೆಯದೊಂದನ್ನು ಹಾಕಿದೆ. ಚಿತ್ರ ಬರುವುದಕ್ಕಿಂತ ಚಕ್ರ ತಿರುಗಿದ್ದೇ ಜಾಸ್ತಿ. ಪುಕ್ಕಟೆ ಕೊಡುವವರು ಖರ್ಚನ್ನು ಎಲ್ಲಿಂದ ಹುಟ್ಟಿಸುತ್ತಾರೆ ಎಂಬ ಅನುಮಾನವೂ ಇತ್ತು, ತೆಗೆದುಹಾಕಿದೆ. ಆಮೇಲೆ ದುಡ್ಡು ಕೊಟ್ಟು ಒಂದನ್ನು ತಗೊಂಡೆ. ಹತ್ತು ದಿನ ಚೆನ್ನಾಗಿತ್ತು. ಹನ್ನೊಂದನೇ ದಿನ, ವಿಪಿಎನ್ ಆಫ್ ಮಾಡಿ ಎಂದು ಆ್ಯಪ್ ಹೇಳಿತು! ಇಂಥ ಕಂಪನಿಗಳ ಸರ್ವರ್‌ಗಳು ಇರುವುದು ಡೇಟಾ ಸೆಂಟರ್‌ಗಳಲ್ಲಿ. ಒಂದೇ ವಿಳಾಸದಿಂದ ನೂರಾರು ಜನ ಬರುತ್ತಾರೆ. ಟಿವಿ ಸೇವೆಯವರ ಬಳಿ ಆ ವಿಳಾಸಗಳ ಪಟ್ಟಿಯೇ ಇರುತ್ತದೆ. ಸರ್ವರ್ ಬದಲಿಸಿದರೆ ಎರಡು ದಿನ ನಡೆಯುತ್ತದೆ, ಮತ್ತೆ ಅದೇ ಕಥೆ.

ಆಗ ಹೊಳೆಯಿತು. ಅವರಿಗೆ ಕಾಣುವುದು ನಾನು ಕೊನೆಗೆ ಯಾವ ಬಾಗಿಲಿಂದ ಹೊರಬಂದೆ ಅನ್ನೋದು ಮಾತ್ರ. ಹಾಗಿದ್ದರೆ ಅಪ್ಪನ ಮನೆಯ ಬ್ರಾಡ್‌ಬ್ಯಾಂಡ್‌ಗಿಂತ ಒಳ್ಳೆಯ ಬಾಗಿಲು ಬೇಕೇ?

ಮುಂದಿನ ರಜೆಗೆ ಹೋದಾಗ ಅಂಗೈಯಗಲದ ಒಂದು ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಒಯ್ದು ರೂಟರ್ ಪಕ್ಕ ಇಟ್ಟೆ. ಅದರಲ್ಲಿ ವೈರ್‌ಗಾರ್ಡ್ ಎಂಬ ವಿಪಿಎನ್ ತಂತ್ರಾಂಶ ಹಾಕಿದೆ. 2020ರಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್‌ಗೇ ಸೇರಿದ್ದು ಅದು, ಹಗುರ. ರೂಟರ್‌ನಲ್ಲಿ ವೈರ್‌ಗಾರ್ಡ್ ಬಳಸುವ ಯುಡಿಪಿ 51820 ಪೋರ್ಟನ್ನು, ಅಂದರೆ ಹೊರಗಿನಿಂದ ಒಳಬರುವ ದಾರಿಯನ್ನು, ಪೈ ಕಡೆಗೆ ತಿರುಗಿಸಿದೆ. ಆದರೂ ಹೊರಗಿನಿಂದ ತಲುಪಲಿಲ್ಲ. ನೋಡಿದರೆ ರೂಟರ್‌ಗೆ ಸಿಕ್ಕಿದ್ದ ವಿಳಾಸ 100.70 ಎಂದು ಶುರುವಾಗುತ್ತಿತ್ತು. 100.64ರಿಂದ 100.127ರವರೆಗಿನವು ಹಂಚಿಕೊಂಡ ವಿಳಾಸಗಳು, ಸಿಜಿನ್ಯಾಟ್ ಅನ್ನುತ್ತಾರೆ. ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಎಷ್ಟೋ ಮನೆಗಳು ಇರುತ್ತವೆ, ಹಾಗಾಗಿ ಹೊರಗಿನಿಂದ ನೇರವಾಗಿ ನಮ್ಮ ಮನೆಗೆ ಬರಲಾಗದು. ಇಂಟರ್ನೆಟ್‌ನವರಿಗೆ ಫೋನ್ ಮಾಡಿ, ತಿಂಗಳಿಗೆ ಸ್ವಲ್ಪ ಜಾಸ್ತಿ ಕಟ್ಟಿ ನಮ್ಮ ಮನೆಗೇ ಮೀಸಲಾದ ಪಬ್ಲಿಕ್ ಐಪಿ ಹಾಕಿಸಿಕೊಂಡೆ. ಅದು ಸಿಗದಿದ್ದರೆ ಟೇಲ್‌ಸ್ಕೇಲ್ ಎಂಬ ಇನ್ನೊಂದು ವಿಪಿಎನ್ ಸೇವೆ ಹಾಕಿ ಆ ಪೈಯನ್ನೇ ಎಕ್ಸಿಟ್ ನೋಡ್, ಅಂದರೆ ಹೊರಬರುವ ಬಾಗಿಲು, ಮಾಡಿಕೊಳ್ಳಬಹುದು. ಪೋರ್ಟ್ ತೆರೆಯುವ ಗೊಡವೆಯೇ ಇಲ್ಲ.

ಇನ್ನೊಂದು ವಿಷಯ, ಚಿತ್ರ ಅಪ್ಪನ ಮನೆಗೆ ಬಂದು ಅಲ್ಲಿಂದ ನನಗೆ ಬರಬೇಕಲ್ಲ, ಹಾಗಾಗಿ ಆ ಮನೆಯ ಅಪ್‌ಲೋಡ್ ವೇಗವೇ ನನ್ನ ಡೌನ್‌ಲೋಡ್ ವೇಗದ ಮಿತಿ. ಸ್ಪೀಡ್ ಟೆಸ್ಟ್‌ನಲ್ಲಿ ಎಲ್ಲರೂ ಮೊದಲ ಸಂಖ್ಯೆಯನ್ನೇ ನೋಡುತ್ತಾರೆ, ನೀವು ಎರಡನೆಯದನ್ನು ನೋಡಿ. ಎಚ್‌ಡಿಗೆ 5 ಎಂಬಿಪಿಎಸ್ ಆಸುಪಾಸು ಸಾಕು.

ವಾಪಸ್ ಬಂದು ಕನೆಕ್ಟ್ ಮಾಡಿದೆ. ಹೊಸ ಐಪಿ ಸರಿಯಾಗಿ ಕಾಣುತ್ತಿತ್ತು, ಆ್ಯಪ್ ಮಾತ್ರ ಹಳೇ ರಾಗವನ್ನೇ ಹಾಡುತ್ತಿತ್ತು. ಮೂರು ರಾತ್ರಿ ಹಾಳಾಯಿತು. ತಪ್ಪು ಒಂದೇ ಸಾಲಿನಲ್ಲಿತ್ತು. ವೈರ್‌ಗಾರ್ಡ್ ಸೆಟ್ಟಿಂಗ್‌ನಲ್ಲಿ, ಯಾವ ವಿಳಾಸಗಳ ಓಡಾಟ ವಿಪಿಎನ್ ಮೂಲಕ ಹೋಗಬೇಕು ಎಂದು ಹೇಳುವ ಅಲೌಡ್ ಐಪೀಸ್ ಎಂಬ ಕಡೆ 0.0.0.0/0 ಎಂದಷ್ಟೇ ಬರೆದಿದ್ದೆ. ಅದು ಹಳೇ ಮಾದರಿಯ ವಿಳಾಸಗಳಾದ ಐಪಿವಿ4ಗೆ ಮಾತ್ರ. ಹೊಸ ಮಾದರಿಯ ಐಪಿವಿ6 ಪೂರ್ತಿ ಇಲ್ಲಿನ ಕನೆಕ್ಷನ್‌ನಿಂದಲೇ ಹಿತ್ತಲ ಬಾಗಿಲಲ್ಲಿ ಹೋಗುತ್ತಿತ್ತು. ಪಕ್ಕದಲ್ಲಿ ::/0 ಸೇರಿಸಿದೆ, ತಾಣದ ಹೆಸರಿನಿಂದ ಐಪಿ ವಿಳಾಸ ಹುಡುಕಿಕೊಡುವ ಡಿಎನ್‌ಎಸ್‌ನ ಸಾಲಿನಲ್ಲಿ ಪೈ ವಿಳಾಸ ಕೊಟ್ಟೆ. ಚಿತ್ರ ಬಂತು.

ತಿಂಗಳಾದ ಮೇಲೆ ಒಂದು ದಿನ ಎಲ್ಲ ಸ್ತಬ್ಧ. ಅಪ್ಪನಿಗೆ ಫೋನ್ ಮಾಡಿದೆ.

"ಅಪ್ಪಾ, ಆ ಡಬ್ಬಿಯಲ್ಲಿ ಕೆಂಪು ದೀಪ ಉರೀತಿದೆಯಾ ನೋಡಿ."

"ಯಾವುದೂ ಉರೀತಿಲ್ಲವಲ್ಲ. ತಡಿ, ನಿಮ್ಮಮ್ಮ ಇಸ್ತ್ರಿ ಪೆಟ್ಟಿಗೆಗೆ ಅಂತ ಪ್ಲಗ್ ಕಿತ್ತಿದ್ದಾಳೆ."

ಈಗ ಆ ಪ್ಲಗ್ ಮೇಲೆ "ಮುಟ್ಟಬೇಡಿ" ಅಂತ ಅಪ್ಪನ ಕೈಬರಹದ ಚೀಟಿ ಇದೆ.

ಇಲ್ಲಿ ಆಂಡ್ರಾಯ್ಡ್ ಟಿವಿಯಲ್ಲೇ ವೈರ್‌ಗಾರ್ಡ್ ಆ್ಯಪ್ ಹಾಕಿದ್ದೇನೆ. ಫೋನ್‌ನಲ್ಲಿ ಇಲ್ಲಿನ ಬ್ಯಾಂಕ್ ಆ್ಯಪನ್ನು ಈ ವಿಪಿಎನ್ ಸುರಂಗದಿಂದ ಹೊರಗಿಟ್ಟಿದ್ದೇನೆ, ಇಲ್ಲದಿದ್ದರೆ ಬ್ಯಾಂಕಿನವರು ಗಾಬರಿಯಾಗುತ್ತಾರೆ.

ಇದು ಸರಿಯಾ ಎಂದು ಕೇಳಿದರೆ, ಸುಮ್ನೆ ಹೌದು ಎನ್ನಲಾರೆ. ಎಷ್ಟೋ ಟಿವಿ ಸೇವೆಗಳ ಷರತ್ತಿನಲ್ಲಿ ಇದಕ್ಕೆ ಅವಕಾಶವಿಲ್ಲ, ಖಾತೆ ಮುಚ್ಚಿದರೆ ಕೇಳುವ ಹಾಗಿಲ್ಲ. ಚೀನಾ, ರಷ್ಯಾದಂಥ ದೇಶಗಳಲ್ಲಿ ವಿಪಿಎನ್ ಮೇಲೆಯೇ ಕಟ್ಟುಪಾಡು ಇದೆ, ಅಲ್ಲಿದ್ದಿದ್ದರೆ ನಾನು ಈ ಗೋಜಿಗೇ ಹೋಗುತ್ತಿರಲಿಲ್ಲ. ಯುರೋಪಿಯನ್ ಯೂನಿಯನ್‌ನವರು 2018ರ ಏಪ್ರಿಲ್‌ನಿಂದ ತಮ್ಮೊಳಗಿನ ದೇಶಗಳಿಗೆ ಹೋದಾಗ ಚಂದಾ ಕಟ್ಟಿದ ಸೇವೆಯನ್ನು ನೇರವಾಗಿಯೇ ನೋಡಬಹುದು. ಅದೂ ತಾತ್ಕಾಲಿಕವಾಗಿ ಹೋದವರಿಗೆ ಮಾತ್ರ, ಅಲ್ಲೇ ನೆಲೆ ನಿಂತವರಿಗಲ್ಲ.

ಒಂದು ಕಿರಿಕಿರಿಗೆ ಮಾತ್ರ ಇನ್ನೂ ಮದ್ದು ಸಿಕ್ಕಿಲ್ಲ. ಆ್ಯಪ್‌ನಲ್ಲಿ ಬರುವ ನೇರ ಪ್ರಸಾರ ಮೊದಲೇ ಅರ್ಧ ನಿಮಿಷ ಹಿಂದೆ. ಪಂದ್ಯದ ದಿನ ಮನೆಯವರ ವಾಟ್ಸಾಪ್ ಗ್ರೂಪನ್ನು ಮ್ಯೂಟ್ ಮಾಡಿಯೇ ಟಿವಿ ಮುಂದೆ ಕೂರುತ್ತೇನೆ.