ಬಯಲಿನ ಹುಚ್ಚು

ತುಮಕೂರಿನವರಿಗೆ ಕಾಡು ಅಂದ್ರೆ ದೇವರಾಯನದುರ್ಗ. ನನಗೂ ಅಷ್ಟೇ ಆಗಿತ್ತು. ನಾಮದ ಚಿಲುಮೆಯಲ್ಲಿ ಬುತ್ತಿ ಬಿಚ್ಚುವುದು, ಬೆಟ್ಟ ಹತ್ತಿ ಗಾಳಿಗೆ ನಿಲ್ಲುವುದು, ಸಂಜೆಗೆ ಮನೆ. ಭಾನುವಾರ ಅಲ್ಲಿ ಜನ ಜಾಸ್ತಿಯಾಗುತ್ತಾ ಬಂದಂತೆ ನನಗೆ ಇನ್ನೂ ದೂರ ಹೋಗುವ ಆಸೆ ಹತ್ತಿತು.

ದುರ್ಗದಲ್ಲಿ ಹುಟ್ಟುವ ಜಯಮಂಗಲಿ ನದಿಯ ಹೆಸರಲ್ಲೇ ಕೃಷ್ಣಮೃಗಗಳ ಜಾಗವೊಂದಿದೆ. ಮಧುಗಿರಿ ತಾಲ್ಲೂಕಿನ ಮೈದೇನಹಳ್ಳಿ ಬಯಲು, ಆಂಧ್ರದ ಗಡಿ ಹತ್ತಿರ. ಸುಮಾರು 800 ಎಕರೆ. 2007ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ಬೆಟ್ಟವಿಲ್ಲ, ಜಲಪಾತವಿಲ್ಲ, ಕಣ್ಣು ಹಾಯುವಷ್ಟೂ ಹುಲ್ಲು. ಮೊದಲ ಸಲ ಹೋದವರಿಗೆ ‘ಇಷ್ಟೇನಾ?’ ಅನ್ನಿಸುತ್ತದೆ.

ಇಂಥ ಜಾಗವನ್ನು ನಡೆದಾಡಿ ನೋಡುವುದಕ್ಕಿಂತ ಕೂತು ನೋಡಬೇಕು. ನಾನು ಕತ್ತಲಿರುವಾಗಲೇ ಬೈಕ್ ಹೊರಡಿಸುತ್ತೇನೆ. ಮಣ್ಣಿನ ಬಣ್ಣದ ಅಂಗಿ, ಹಳೇ ಬೈನಾಕ್ಯುಲರ್, ಎರಡು ಬಾಟಲಿ ನೀರು. ದಾರಿ ಬಿಟ್ಟು ಹುಲ್ಲಿಗೆ ಇಳಿಯುವುದಿಲ್ಲ, ಯಾಕಂದ್ರೆ ಟಿಟ್ಟಿಭದಂಥ ಹಕ್ಕಿಗಳು ಬರೀ ನೆಲದ ಮೇಲೇ ಮೊಟ್ಟೆ ಇಡುತ್ತವೆ. ನಾವು ಬಂದ ಸುದ್ದಿಯನ್ನು ಬಯಲಿಗೆಲ್ಲ ಕೂಗಿ ಹೇಳುವುದೂ ಅವೇ! ಅವು ಸುಮ್ಮನಾಗುವವರೆಗೆ ಒಂದು ಕಡೆ ಕೂರುತ್ತೇನೆ. ಆಮೇಲೆ ಹಿಂಡು ತಾನಾಗಿ ಮೇಯುತ್ತಾ ಹತ್ತಿರ ಬರುತ್ತದೆ. ಹೆಣ್ಣುಗಳು ತಿಳಿ ಕಂದು, ಒಣಹುಲ್ಲಿನಲ್ಲಿ ಬೇಗ ಕಾಣುವುದಿಲ್ಲ. ಬಲಿತ ಗಂಡು ಮಾತ್ರ ಎದ್ದು ಕಾಣುತ್ತದೆ: ಕಪ್ಪು ಬೆನ್ನು, ಬಿಳಿ ಹೊಟ್ಟೆ, ತಿರುಚಿದ ಕೊಂಬು. ಏನಾದರೂ ಬೆಚ್ಚಿಸಿದರೆ ಒಂದು ಚಂಗನೆ ನೆಗೆಯುತ್ತದೆ, ಹಿಂದೆಯೇ ಉಳಿದವೂ ನೆಗೆಯುತ್ತವೆ. ಆ ನೆಗೆತ ನೋಡಲೆಂದೇ ಬೈಕ್ ಹಾರ್ನ್ ಹೊಡೆಯುವವರಿದ್ದಾರೆ. ಅವರ ಜೊತೆ ನಾನು ಮಾತಾಡುವುದಿಲ್ಲ.

ಶಿರಾ ಕಡೆಯ ಕಗ್ಗಲಡುವಿಗೂ ಹೋಗುತ್ತಿರುತ್ತೇನೆ. ಊರೊಳಗಿನ ಹುಣಸೆ ಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ, ಚೆಂದವೇ. ಆದರೆ ಅದನ್ನು ಯಾರು ಬೇಕಾದರೂ ಇಷ್ಟಪಡುತ್ತಾರೆ. ಬಯಲನ್ನು ಇಷ್ಟಪಡಲು ನನಗಂತೂ ಒಂದು ಬೇಸಿಗೆ, ಒಂದು ಮಳೆಗಾಲ ಬೇಕಾಯಿತು. ಒಣಗಿದಾಗ ಬರಡು ಅನ್ನಿಸುವ ಅದೇ ನೆಲ ಮಳೆ ಬಿದ್ದ ಮೇಲೆ ಹಸಿರಾಗಿ, ಹುಳ ಹುಪ್ಪಟೆ, ಹಕ್ಕಿಗಳಿಂದ ತುಂಬಿರುತ್ತದೆ.

ಪರಿಸರ ದಿನಕ್ಕೆ ಅಲ್ಲಿ ಗಿಡ ನೆಡೋಣ ಎಂದು ಗೆಳೆಯರು ಹೊರಟಿದ್ದರು. ಖಾಲಿ ಬಿದ್ದಿದೆ ಅಲ್ವಾ ಎಂಬುದು ಅವರ ಮಾತು. ಖಾಲಿ ಇಲ್ಲ ಮಾರಾಯ, ಕೃಷ್ಣಮೃಗಕ್ಕೆ ದೂರದಿಂದಲೇ ಅಪಾಯ ಕಂಡು ಓಡಲು ಬಯಲೇ ಬೇಕು, ಮರ ತುಂಬಿದರೆ ಅದು ಇನ್ನೆಲ್ಲಿಗೆ ಹೋಗಬೇಕು ಎಂದೆ. ಗಿಡಗಳನ್ನು ನಮ್ಮ ಬಡಾವಣೆಯ ರಸ್ತೆ ಬದಿಯಲ್ಲೇ ನೆಟ್ಟೆವು. ಮುಂದಿನ ವಾರ ಇಬ್ಬರು ನನ್ನ ಜೊತೆ ಮೈದೇನಹಳ್ಳಿಗೆ ಬರುತ್ತಿದ್ದಾರೆ. ಒಬ್ಬನಿಗೆ ಕೆಂಪು ಅಂಗಿ ಬೇಡ ಎಂದು ಈಗಲೇ ಹೇಳಿದ್ದೇನೆ.