ಅಜ್ಜಿಯ ಮಾತು, ಟ್ರಂಕಿನ ಕಾಗದ: ಬೆನೆ ಇಸ್ರೇಲಿ ಮನೆಯ ಚರಿತ್ರೆ ಬರೆದಿಡುವುದು ಹೇಗೆ?

ಮಂಗಳೂರಿನಲ್ಲಿ ನೆಲೆಸಿದ್ದ ಯೆಹೂದಿ ವರ್ತಕ ಅಬ್ರಹಾಂ ಬೆನ್ ಯಿಜು 1132ರಲ್ಲಿ ಆಶು ಎಂಬ ದಾಸಿಗೆ ಬಿಡುಗಡೆ ಪತ್ರ ಬರೆದುಕೊಟ್ಟ. ಅವನಿಗೆ ಏಡನ್‌ನ ಗೆಳೆಯರು ಸಕ್ಕರೆ, ಒಣದ್ರಾಕ್ಷಿ, ಬರೆಯಲು ಕಾಗದ ಕಳಿಸುತ್ತಿದ್ದರು. ಇಷ್ಟೆಲ್ಲ ನಮಗೆ ತಿಳಿದದ್ದು ಕೈರೋದ ಬೆನ್ ಎಜ್ರಾ ಸಿನಗಾಗಿನ, ಅಂದರೆ ಯೆಹೂದಿ ಪ್ರಾರ್ಥನಾ ಮಂದಿರದ, ರದ್ದಿ ಕೋಣೆಯಿಂದ. ದೇವರ ಹೆಸರಿರಬಹುದಾದ ಕಾಗದವನ್ನು ಬಿಸಾಡಬಾರದೆಂದು ಅಲ್ಲಿಯವರು ಓಲೆ, ಲೆಕ್ಕದ ಚೀಟಿ ಎಲ್ಲವನ್ನೂ ಆ ಕೋಣೆಗೆ ತುಂಬಿದ್ದರು.

ಬೆನೆ ಇಸ್ರೇಲಿಗಳೆಂಬ ಕೊಂಕಣದ ಯೆಹೂದಿಗಳ ಮನೆಗಳಲ್ಲಿ ಅಂಥ ಕೋಣೆ ಇಲ್ಲ, ಟ್ರಂಕು ಇರುತ್ತದೆ. ಮನೆಮಾತು ಮರಾಠಿ, ಹಿಂದಿನ ಕಸುಬು ಎಣ್ಣೆ ಗಾಣ. ಯೆಹೂದಿಗಳ ವಿಶ್ರಾಂತಿ ದಿನವಾದ ಶನಿವಾರ ಗಾಣ ಕಟ್ಟುತ್ತಿರಲಿಲ್ಲವಾದ್ದರಿಂದ ಊರವರು ಇವರನ್ನು ‘ಶನಿವಾರ ತೇಲಿ’, ಅಂದರೆ ಶನಿವಾರದ ಗಾಣಿಗರು, ಎಂದರು. 1948ರ ನಂತರ ಬಹುಪಾಲು ಕುಟುಂಬಗಳು ಇಸ್ರೇಲಿಗೆ ಹೋದವು. ಟ್ರಂಕು ಮುಂಬೈಯಲ್ಲಿದ್ದರೆ ಅದರೊಳಗಿನ ಫೋಟೊದಲ್ಲಿರುವವರು ಯಾರೆಂದು ಬಲ್ಲ ಅಜ್ಜಿ ಅಶ್ದೋದ್‌ನಲ್ಲೋ ಡಿಮೋನಾದಲ್ಲೋ ಇರುತ್ತಾರೆ. ಕೆಲಸ ಬೇಗ ಶುರುವಾಗಬೇಕಾದದ್ದು ಅದಕ್ಕೇ.

ಮೊದಲು ಹೆಸರುಗಳು

ಮನೆತನದ ಹೆಸರೇ ಅರ್ಧ ದಾರಿ ತೋರಿಸುತ್ತದೆ. ಪೇಣಕರ್ ಎಂದರೆ ಪೇಣದವರು, ಕೆಹಿಮ್ಕರ್ ಎಂದರೆ ಕಿಹಿಮ್‌ನವರು, ದಿವೇಕರ್ ಎಂದರೆ ದಿವೆ ಆಗರದವರು. ರಾಯಗಡ ಜಿಲ್ಲೆಯ ನಕ್ಷೆಯೊಂದನ್ನು ಗೋಡೆಗೆ ಅಂಟಿಸಿಕೊಂಡು ಗುರುತು ಹಾಕುತ್ತಾ ಹೋಗಿ. ಆದರೆ ಒಬ್ಬರಿಗೇ ಎರಡು ಹೆಸರಿರುವುದುಂಟು. ಮುಂಬೈಯ ಮೊದಲ ಸಿನಗಾಗನ್ನು 1796ರಲ್ಲಿ ಕಟ್ಟಿಸಿದ ಸ್ಯಾಮುಯೆಲ್ ಎಜೆಕಿಯೆಲ್ ದಿವೇಕರ್ ಮತ್ತು ಸಾಮಾಜಿ ಹಸಾಜಿ ದಿವೇಕರ್ ಒಬ್ಬರೇ. ಇದು ತಿಳಿಯದಿದ್ದರೆ ವಂಶವೃಕ್ಷದಲ್ಲಿ ಇಲ್ಲದ ಅಣ್ಣತಮ್ಮಂದಿರು ಹುಟ್ಟಿಕೊಳ್ಳುತ್ತಾರೆ.

ಟ್ರಂಕು ತೆರೆಯುವಾಗ

ಕಾಗದಗಳು ಯಾವ ಕ್ರಮದಲ್ಲಿವೆಯೋ ಅದೇ ಕ್ರಮದಲ್ಲಿ ಮೊದಲು ಒಂದು ಫೋಟೊ ತೆಗೆಯಿರಿ. ಯಾರ ಪತ್ರದೊಳಗೆ ಯಾರ ಚಿತ್ರ ಮಡಿಚಿಟ್ಟಿತ್ತು ಎಂಬುದೂ ಸಾಕ್ಷಿಯೇ. ಮದುವೆಯ ಕರಾರುಪತ್ರವಾದ ಕೆತುಬಾ ಸಿಕ್ಕಿದರೆ ವಧೂವರರ ಜೊತೆ ಅವರ ತಂದೆಯರ ಹೆಸರು, ದಿನ, ಊರು, ಸಾಕ್ಷಿಗಳು ಒಟ್ಟಿಗೆ ಸಿಗುತ್ತಾರೆ. ರೈಲ್ವೆ, ಅಂಚೆ, ಸೈನ್ಯದ ನೌಕರಿ ಕಾಗದಗಳನ್ನೂ ಬಿಡಬೇಡಿ. ಈ ಸಮುದಾಯದವರು ಅಲ್ಲೆಲ್ಲ ಬಹಳ ಇದ್ದರು. ಪ್ರತಿ ಹಾಳೆಯ ಹಿಂಬದಿ ನೋಡಿ. ಬೆನ್ ಯಿಜು ಕೂಡ ಬಂದ ಪತ್ರಗಳ ಖಾಲಿ ಜಾಗದಲ್ಲಿ ತನ್ನ ಲೆಕ್ಕ ಗೀಚಿಕೊಂಡವನೇ.

ಹರಿದದ್ದಕ್ಕೆ ಟೇಪು ಹಚ್ಚಬೇಡಿ, ಲ್ಯಾಮಿನೇಷನ್ ಅಂತೂ ಕೂಡದು. ಫೋಟೊ ಹಿಂದೆ ಬರೆಯಲೇಬೇಕಾದರೆ ಮೆದು ಪೆನ್ಸಿಲ್‌ನಲ್ಲಿ ಹಗುರವಾಗಿ ಬರೆಯಿರಿ. ಸ್ಕ್ಯಾನ್ ಮಾಡುವಾಗ ದಾಖಲೆಗೆ 300, ಫೋಟೊಗೆ 600 ಡಿಪಿಐ ಸಾಕು.

ಮಾತಿಗೆ ಕೂರಿಸುವುದು

ನನ್ನ ಮೊದಲ ಧ್ವನಿಮುದ್ರಣದಲ್ಲಿ ಮುಕ್ಕಾಲು ಗಂಟೆ ಸೀಲಿಂಗ್ ಫ್ಯಾನೇ ಮಾತಾಡಿದೆ. ನಡುನಡುವೆ ಕುಕ್ಕರಿನ ಸೀಟಿ. ಆದ್ದರಿಂದ ಫ್ಯಾನು ಆರಿಸಿ, ಅಡುಗೆ ಮುಗಿದ ಮೇಲೆ ಹೋಗಿ, ಮೊಬೈಲನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ ಮಡಿಚಿದ ಟವೆಲಿನ ಮೇಲಿಡಿ. ದಿನಾಂಕ, ಊರು, ಕೂತವರ ಹೆಸರು ಮೊದಲೇ ಗಟ್ಟಿಯಾಗಿ ಹೇಳಿ. ಇದನ್ನು ಯಾರು ಕೇಳಬಹುದು, ಯಾರು ಕೇಳಬಾರದು ಎಂದು ಅವರನ್ನೇ ವಿಚಾರಿಸಿ ಬರೆಸಿಕೊಳ್ಳಿ.

‘ನಿಮ್ಮ ಇತಿಹಾಸ ಹೇಳಿ’ ಎಂದರೆ ಯಾವ ಅಜ್ಜಿಯೂ ಬಾಯಿ ಬಿಡುವುದಿಲ್ಲ, ಇಲ್ಲವೇ ಪುಸ್ತಕದಲ್ಲಿರುವುದನ್ನೇ ಒಪ್ಪಿಸುತ್ತಾರೆ. ನಾನು ಹಾಗೆ ಕೇಳಿ ಕೆಟ್ಟೆ. ಥಾಣೆಯ ಆ ಮನೆಯ ಆಜಿ ಸೆರಗು ಸರಿಮಾಡಿಕೊಂಡು, ‘ಅದೆಲ್ಲ ಗಂಡಸರಿಗೆ ಗೊತ್ತು’ ಎಂದರು. ಆಮೇಲೆ, ಶುಕ್ರವಾರ ಸಂಜೆಯ ಪ್ರಾರ್ಥನೆಗೆ ಒಣದ್ರಾಕ್ಷಿಯ ಶರಬತ್ತು ಯಾರು ಮಾಡುತ್ತಿದ್ದರು ಎಂದು ಕೇಳಿದೆ. ಅತ್ತೆ ದ್ರಾಕ್ಷಿ ನೆನೆಹಾಕುತ್ತಿದ್ದ ಹಿತ್ತಾಳೆ ಪಾತ್ರೆ, ಅದನ್ನು ಹಿಂಡುತ್ತಿದ್ದ ಮಲ್ಲಿನ ಬಟ್ಟೆ, ಆ ಬಟ್ಟೆಯನ್ನು ಬೇರೆಯದಕ್ಕೆ ಮುಟ್ಟಿಸಿದ್ದಕ್ಕೆ ತಿಂದ ಬೈಗುಳ, ಅತ್ತೆಯ ತವರೂರು, ಅಲ್ಲಿಂದ ದೋಣಿಯಲ್ಲಿ ಮುಂಬೈಗೆ ಬಂದದ್ದು, ಎಲ್ಲ ಒಂದೇ ಉಸಿರಿಗೆ ಬಂತು.

ಹಬ್ಬಗಳನ್ನು ಮರಾಠಿ ಹೆಸರಿನಿಂದಲೇ ಕೇಳಿ. ಹೋಳಿಯ ಹೊತ್ತಿಗೆ ಬರುವ ಯೆಹೂದಿ ಹಬ್ಬವನ್ನು ಪುರಿಮ್ ಎಂದು ಕೇಳಿದರೆ ಸಿಗದ ಉತ್ತರ ‘ಹೋಳೀಚಾ ಸಣ’ ಎಂದಾಗ ಸಿಗುತ್ತದೆ. ಪ್ರಾಯಶ್ಚಿತ್ತದ ಉಪವಾಸದ ದಿನವಾದ ಯೋಮ್ ಕಿಪ್ಪುರ್ ಬಾಗಿಲು ಮುಚ್ಚುವ ಹಬ್ಬ, ‘ದಾರ್‌ಫಾಳಣೀಚಾ ಸಣ’. ಜೆರುಸಲೇಮಿನ ದೇವಾಲಯ ಕೆಡವಿದ ದಿನದ ಶೋಕಕ್ಕೆ ‘ಬಿರ್ಡ್ಯಾಚಾ ಸಣ’ ಎನ್ನುತ್ತಾರೆ. ಬಿರ್ಡೆ ಎಂದರೆ ಮೊಳಕೆ ಬರಿಸಿದ ವಾಲ್ ಕಾಳಿನ ಪಲ್ಯ. ಪ್ರವಾದಿ ಎಲಿಯಾಹುವಿನ ಹೆಸರಿನಲ್ಲಿ ಅವಲಕ್ಕಿ, ಬೆಲ್ಲ, ಕಾಯಿತುರಿ, ಹಣ್ಣು ಇಡುವ ಮಲಿದಾ ಯಾವ ಹರಕೆಗೆ ನಡೆಯಿತು ಎಂದು ಕೇಳಿದರೆ ಮನೆಯ ಕಾಯಿಲೆ, ನೌಕರಿ, ಮದುವೆಗಳ ಪಟ್ಟಿಯೇ ಬಿಚ್ಚಿಕೊಳ್ಳುತ್ತದೆ.

ಗಂಟೆಯೊಂದಾದರೆ ನಿಲ್ಲಿಸಿ. ಎರಡನೇ ಭೇಟಿಗೆ ಟ್ರಂಕಿನ ಫೋಟೊಗಳನ್ನು ಒಯ್ಯಿರಿ.

ತಿದ್ದಬೇಡಿ

ಹಡಗು ಒಡೆದು ನವಗಾಂವ್ ಬಳಿ ಏಳು ದಂಪತಿ ದಡ ಸೇರಿದರು ಎಂಬ ಮೂಲಕಥೆ ಎಲ್ಲರೂ ಹೇಳುತ್ತಾರೆ. ಸಿನಗಾಗು ಕಟ್ಟಿಸಿದ ದಿವೇಕರ್ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದು ಟಿಪ್ಪುವಿನ ಸೆರೆಗೆ ಬಿದ್ದಾಗ, ಇವರು ಬೆನೆ ಇಸ್ರೇಲಿಗಳೆಂದು ತಿಳಿದ ಟಿಪ್ಪುವಿನ ತಾಯಿಯೇ ಪ್ರಾಣ ಉಳಿಸಿದರೆಂಬ ಕಥೆಯೂ ಇದೆ. ‘ಇದಕ್ಕೆ ದಾಖಲೆ ಎಲ್ಲಿ?’ ಎಂದು ಮಾತಿನ ನಡುವೆ ಬಾಯಿ ಹಾಕುವವರಿಗೆ ಈ ಕೆಲಸ ಒಗ್ಗದು. ಯಾರಿಂದ ಕೇಳಿದಿರಿ, ಆಗ ನಿಮಗೆಷ್ಟು ವಯಸ್ಸು ಎಂದಷ್ಟೇ ಕೇಳಿ. ಇಬ್ಬರು ಎರಡು ಬಗೆಯಲ್ಲಿ ಹೇಳಿದರೆ ಎರಡನ್ನೂ ಹೇಳಿದವರ ಹೆಸರಿನೊಂದಿಗೆ ಇಡಿ; ಪರಿಶೀಲನೆಗೆ ಬೇರೆ ಪುಟವಿರಲಿ.

ಗೋರಿಯ ಲೆಕ್ಕ

ಕಲ್ಲಿಗೆ ಸೀಮೆಸುಣ್ಣ ತಿಕ್ಕದೆ, ಪಕ್ಕದಿಂದ ಟಾರ್ಚ್ ಬಿಟ್ಟರೆ ಸವೆದ ಅಕ್ಷರ ಎದ್ದು ಕಾಣುತ್ತದೆ. ಹೀಬ್ರೂ ವರ್ಷ 5707 ಎಂದಿದ್ದರೆ 3760 ಕಳೆಯಿರಿ, 1947. ಸಾವಿರದ ಅಂಕಿ ಬಿಟ್ಟು ಬರೀ 707 ಎಂದಿದ್ದರೆ 1240 ಕೂಡಿಸಿ. ಆ ವರ್ಷ ಶುರುವಾಗುವುದು ಸೆಪ್ಟೆಂಬರ್ ಹೊತ್ತಿಗಾದ್ದರಿಂದ ಅಲ್ಲಿಂದ ಡಿಸೆಂಬರ್‌ವರೆಗಿನ ತಿಂಗಳಾದರೆ ಒಂದು ವರ್ಷ ಕಡಿಮೆ ಮಾಡಬೇಕು. ಬೆಂಗಳೂರಿನ ಮೈಸೂರು ರಸ್ತೆಯಲ್ಲೂ ಯೆಹೂದಿ ಸ್ಮಶಾನವೊಂದಿದೆ. ಅನುಮತಿ ಪಡೆದು ಅಲ್ಲಿಯೇ ಅಭ್ಯಾಸ ಮಾಡಬಹುದು.

ಧ್ವನಿಯ ಮೂಲ ಕಡತವನ್ನು ಕತ್ತರಿಸದೆ ವೇವ್ (WAV) ರೂಪದಲ್ಲಿ ಉಳಿಸಿ, ಮೂರು ಪ್ರತಿ ಮಾಡಿ. ಒಂದಾದರೂ ಬೇರೆ ಊರಿನಲ್ಲಿರಲಿ. ಮಾತನ್ನು ಆಡಿದ ಮರಾಠಿಯಲ್ಲೇ ಬರೆದಿಡಿ, ಅನುವಾದ ಆಮೇಲೆ. ಬರೆದದ್ದನ್ನು ಹೇಳಿದವರಿಗೆ ಓದಿ ಕೇಳಿಸಿ. ನಾನು ಓದುತ್ತಿದ್ದಾಗ ಥಾಣೆಯ ಆಜಿ ಕೈಯೆತ್ತಿ ತಡೆದು, ‘ಒಣದ್ರಾಕ್ಷಿ ಎಂದಷ್ಟೇ ಬರೆದಿದ್ದೀಯಲ್ಲ, ಕಪ್ಪು ದ್ರಾಕ್ಷಿ ಎಂದು ಬರೆ’ ಎಂದರು.