ವೇಷ ಹಂಚುವ ಮೊದಲು

ನಮ್ಮ ಕಾಸರಗೋಡಿನ ಕಡೆ ಮಕ್ಕಳನ್ನು ಯಕ್ಷಗಾನ ತರಗತಿಗೆ ಸೇರಿಸಲು ಬರುವವರು ಹೆಸರಿಗಿಂತ ಮೊದಲು ಮನೆತನ ಹೇಳುತ್ತಾರೆ. ‘ಮಾಷ್ಟ್ರೇ, ಇವನ ಅಜ್ಜ ಮೇಳದಲ್ಲಿ ಇದ್ದವರು.’ ಇಲ್ಲವೇ, ‘ಇವಳಿಗೆ ಕನ್ನಡ ಅಷ್ಟಕ್ಕಷ್ಟೇ, ಮನೆಯಲ್ಲಿ ಮಲಯಾಳ. ಒಂದು ಬಾಲಗೋಪಾಲ ಕೊಟ್ಟರೆ ಸಾಕು.’ ಬಾಲಗೋಪಾಲ ಅಂದರೆ ಆಟದ ಶುರುವಿನಲ್ಲಿ ಬಂದು ಕುಣಿದು ಹೋಗುವ ಚಿಕ್ಕ ವೇಷ. ಮಗು ಪಕ್ಕದಲ್ಲೇ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿರುತ್ತದೆ. ಒಂದು ಹೆಜ್ಜೆ ಹಾಕುವ ಮೊದಲೇ ಅದರ ವೇಷ ನಿಶ್ಚಯ ಆಗಿಬಿಟ್ಟಿರುತ್ತದೆ.

ನಾನು ಬದಿಯಡ್ಕ, ಪೆರ್ಲದ ಆಸುಪಾಸಿನಲ್ಲಿ ಶಾಲಾ ಮಕ್ಕಳಿಗೆ ತೆಂಕುತಿಟ್ಟಿನ, ಅಂದರೆ ಯಕ್ಷಗಾನದ ತೆಂಕಣ ಶೈಲಿಯ, ನಾಟ್ಯ ಮತ್ತು ಮಾತು ಹೇಳಿಕೊಡುತ್ತೇನೆ. ಕೇರಳ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆ. ಜೂನಿನಲ್ಲಿ ಶಾಲೆ ಶುರು. ಮಳೆಗಾಲ ಮುಗಿಯುವ ಹೊತ್ತಿಗೆ ಉಪಜಿಲ್ಲಾ ಮಟ್ಟಕ್ಕೆ ತಂಡ ತಯಾರಾಗಬೇಕು. ಹಾಡು, ಚೆಂಡೆ, ಮದ್ದಳೆಯ ಹಿಮ್ಮೇಳಕ್ಕೆ, ವೇಷಭೂಷಣಕ್ಕೆ ಮುಂಚೆಯೇ ಹೇಳಿಡಬೇಕು. ಹಾಗಾಗಿ ಶುರುವಿನಲ್ಲೇ ಪಾತ್ರ ಹಂಚುವುದು ವಾಡಿಕೆ. ದಪ್ಪಗಿದ್ದವನಿಗೆ ರಾಕ್ಷಸರ ಬಣ್ಣದ ವೇಷ, ಕುಳ್ಳನಿಗೆ ಹಾಸ್ಯ, ಕಲಾವಿದರ ಮನೆಯ ಹುಡುಗನಿಗೆ ಪುಂಡುವೇಷ, ಅಂದರೆ ಅಭಿಮನ್ಯುವಿನಂಥ ಎಳೆಯ ವೀರನ ವೇಷ.

ಹಂಚಿದ ಮೇಲೆ ತರಗತಿಯಲ್ಲಿ ಏನಾಗುತ್ತದೆ ನೋಡಿ. ಅಭಿಮನ್ಯುವಿಗೆ ಧೀಂಗಿಣ, ಅಂದರೆ ಸುತ್ತುತ್ತಾ ಹಾರುವ ಕುಣಿತ, ಕಲಿಸಬೇಕು. ಕಾಲು ತಪ್ಪಿದರೆ ನಿಲ್ಲಿಸಿ ತಿದ್ದಬೇಕು, ಮತ್ತೆ ಚೆಂಡೆ ಬಾರಿಸಿ ಕುಣಿಸಬೇಕು. ಬಾಲಗೋಪಾಲನಿಗೆ ‘ಆಯ್ತು, ಸಾಕು, ಕೂತ್ಕೋ’. ಕೊನೆಗೆ ಒಬ್ಬ ಚೆನ್ನಾಗಿ ಕುಣಿಯುತ್ತಾನೆ, ಇನ್ನೊಬ್ಬನಿಗೆ ಬರುವುದಿಲ್ಲ. ‘ನೋಡಿದ್ರಾ, ರಕ್ತದಲ್ಲೇ ಬರಬೇಕು’ ಅಂತ ಜಗಲಿಯಲ್ಲಿ ಕೂತವರು ತೀರ್ಪು ಕೊಡುತ್ತಾರೆ. ರಕ್ತದ ಲೆಕ್ಕ ಯಾರಿಗೆ ಗೊತ್ತು? ಯಾರಿಗೆ ಎಷ್ಟು ಹೊತ್ತು ಸಿಕ್ಕಿತು ಅನ್ನುವುದಂತೂ ಎಲ್ಲರ ಕಣ್ಣೆದುರೇ ಇತ್ತು.

ಬಿ.ಎಡ್. ಮಾಡಿದವರಿಗೆಲ್ಲ ಮನಶ್ಶಾಸ್ತ್ರಜ್ಞ ರಾಬರ್ಟ್ ರೋಸೆಂತಾಲ್ ಹೆಸರು ಗೊತ್ತಿರುತ್ತದೆ. ಸ್ಯಾನ್ ಫ್ರಾನ್ಸಿಸ್ಕೋ ಕಡೆಯ ಒಂದು ಪ್ರಾಥಮಿಕ ಶಾಲೆಯಲ್ಲಿ ಅವರೂ ಅಲ್ಲಿನ ಮುಖ್ಯೋಪಾಧ್ಯಾಯಿನಿ ಲೆನೋರ್ ಜೇಕಬ್‌ಸನ್ ಅವರೂ ಸೇರಿ ಮಾಡಿದ ಪ್ರಯೋಗ 1968ರಲ್ಲಿ ಪ್ರಕಟವಾಯಿತು. ಪ್ರತಿ ಐದು ಮಕ್ಕಳಲ್ಲಿ ಒಬ್ಬರಂತೆ ಸುಮ್ನೆ ಚೀಟಿ ಎತ್ತಿದ ಹಾಗೆ ಆರಿಸಿ, ‘ಇವರು ಈ ವರ್ಷ ಚಿಗುರುತ್ತಾರೆ’ ಅಂತ ಟೀಚರುಗಳಿಗೆ ಹೇಳಿದರು. ವರ್ಷದ ಕೊನೆಗೆ ಒಂದನೇ, ಎರಡನೇ ತರಗತಿಯಲ್ಲಿ ಆ ಮಕ್ಕಳು ಉಳಿದವರಿಗಿಂತ ಮುಂದೆ ಹೋಗಿದ್ದರು. ದೊಡ್ಡ ತರಗತಿಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಸಣ್ಣ ಮಕ್ಕಳ ಬುದ್ಧಿಮತ್ತೆಯನ್ನು ಅಳೆದ ರೀತಿಯೇ ಸರಿಯಿಲ್ಲ ಅಂತ ತಕರಾರು ಎತ್ತಿದವರೂ ಇದ್ದರು.

ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಆಮೇಲಿನ ಒಂದು ಲೆಕ್ಕಾಚಾರ. ಶಿಕ್ಷಣ ಸಂಶೋಧಕ ಸ್ಟೀಫನ್ ರೌಡೆನ್‌ಬುಶ್ 1984ರಲ್ಲಿ ಇಂಥ 18 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಟೀಚರಿಗೆ ಮಕ್ಕಳ ಪರಿಚಯವಾಗಿ ಎರಡು ವಾರ ದಾಟಿದ್ದರೆ, ಹೊರಗಿನವರು ಹೇಳಿದ ಹಣೆಪಟ್ಟಿಯ ಪ್ರಭಾವ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಕಣ್ಣಾರೆ ನೋಡಿದ ಮಗುವಿನ ಬಗ್ಗೆ ಯಾರೋ ಹೇಳಿದ ಮಾತು ನಡೆಯುವುದಿಲ್ಲ, ಅಲ್ವಾ?

ಹಾಗಾಗಿ ಮೊದಲ ಎರಡು ವಾರ ನಾನು ಯಾರ ಪುರಾಣವನ್ನೂ ಕೇಳುವುದಿಲ್ಲ. ಸೇರುವ ಫಾರಂನಲ್ಲಿ ಹೆಸರು, ತರಗತಿ, ಫೋನ್ ನಂಬರ್, ಅಷ್ಟೇ. ಅಜ್ಜನ ಕತೆ ಶುರುಮಾಡಿದರೆ ‘ಆಮೇಲೆ ಚಾ ಕುಡಿಯುತ್ತಾ ಕೇಳುವ’ ಅನ್ನುತ್ತೇನೆ. ಓಣಂ ರಜೆ ಮುಗಿಯುವವರೆಗೆ ಪಾತ್ರ ಹಂಚುವುದಿಲ್ಲ. ಅಲ್ಲಿವರೆಗೆ ಎಲ್ಲರೂ ಎಲ್ಲವನ್ನೂ ಕಲಿಯಬೇಕು. ಎಲ್ಲರಿಗೂ ಧೀಂಗಿಣ, ಎಲ್ಲರಿಗೂ ಸುಭದ್ರೆಯ ಲಾಸ್ಯ, ಎಲ್ಲರ ಬಾಯಲ್ಲೂ ಧರ್ಮರಾಯನ ಮಾತು. ತಡ ಆಗುತ್ತದೆ, ನಿಜ. ಚೆಂಡೆಯವರ ಗೊಣಗಾಟ ತಪ್ಪಿದ್ದಲ್ಲ.

ಸರದಿಯನ್ನು ಕಾಗದದಲ್ಲಿ ಬರೆದಿಡುತ್ತೇನೆ. ಯಾರನ್ನು ನಿಲ್ಲಿಸಿ ತಿದ್ದಿದೆ ಅಂತ ಹೆಸರಿನ ಮುಂದೆ ಒಂದು ಗೀಟು. ‘ಭೇಷ್’ ಅಂದದ್ದಕ್ಕೆ ಗೀಟು ಇಲ್ಲ. ಹೊಗಳಿಕೆಯಲ್ಲಿ ನನಗೆ ನಂಬಿಕೆ ಕಡಿಮೆ. ಬರಲಿಕ್ಕಿಲ್ಲ ಅಂತ ಮನಸ್ಸಿನಲ್ಲಿ ಬರೆದುಬಿಟ್ಟ ಮಗುವಿಗೇ ನಾವು ಬೇಗ ‘ಭೇಷ್’ ಅನ್ನುವುದು. ತಿದ್ದುವುದು ಅಂದರೆ ಇವನಿಗೆ ಇನ್ನೂ ಚೆನ್ನಾಗಿ ಬರುತ್ತದೆ ಅಂತ ಒಪ್ಪಿಕೊಂಡಂತೆ. ಮಕ್ಕಳಿಗೆ ಇದು ಚೆನ್ನಾಗಿ ಗೊತ್ತಾಗುತ್ತದೆ.

ಮಾತಿನ ಅಭ್ಯಾಸದಲ್ಲಿ ಇದು ಇನ್ನೂ ಸ್ಪಷ್ಟ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ನೋಡಿದರು. ಪ್ರಶ್ನೆ ಕೇಳಿದ ಮೇಲೆ ಟೀಚರು ಉತ್ತರಕ್ಕೆ ಕಾಯುವುದು ಸುಮಾರು ಒಂದೇ ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಉತ್ತರ ಉದ್ದವಾಗುತ್ತದೆ, ಸುಮ್ಮನಿರುವವರೂ ಬಾಯಿ ಬಿಡುತ್ತಾರೆ. ದಡ್ಡರೆಂದುಕೊಂಡವರಿಗೆ ಟೀಚರು ಕಾಯುವುದು ಇನ್ನೂ ಕಡಿಮೆ ಅಂತಲೂ ಅವರು ಕಂಡರು.

ಮನೆಯಲ್ಲಿ ಮಲಯಾಳ ಮಾತಾಡುವ ಒಬ್ಬಳು ಹುಡುಗಿ ಅಭಿಮನ್ಯುವಿನ ಸರದಿಗೆ ಎದ್ದಳು. ಧರ್ಮರಾಯನಾಗಿ ನಾನು ಕೇಳಿದೆ: ‘ಮಗನೇ, ಚಕ್ರವ್ಯೂಹದ ಒಳಗೆ ಹೋಗುವುದೇನೋ ಸರಿ, ಹೊರಗೆ ಬರುವ ಬಗೆ ತಿಳಿದಿದೆಯೇ?’ ಅವಳು ಸುಮ್ಮನೆ ನಿಂತಳು. ಹಿಂದೆ ಕೂತ ಹುಡುಗರು ಬರೆದುಕೊಟ್ಟ ಮಾತನ್ನು ಪಿಸುಗುಟ್ಟಲು ಬಾಯಿ ತೆರೆದರು. ಕೈ ಎತ್ತಿ ತಡೆದೆ. ಅವಳು ಶಾಲಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಮೂರು ಸೆಕೆಂಡಲ್ಲ, ಅದಕ್ಕಿಂತ ಜಾಸ್ತಿಯೇ ಆಯಿತು. ಆಮೇಲೆ, ‘ದೊಡ್ಡಪ್ಪಾ, ಬರುವ ದಾರಿ ಕೇಳಿಕೊಂಡು ಯಾರಾದರೂ ಯುದ್ಧಕ್ಕೆ ಹೋಗುತ್ತಾರೆಯೇ?’ ಅಂದಳು. ಬರೆದುಕೊಟ್ಟ ಮಾತಿನಲ್ಲಿ ಇದು ಇರಲೇ ಇಲ್ಲ. ಉಚ್ಚಾರ ಇನ್ನೂ ಮಲಯಾಳದ್ದೇ. ಅದನ್ನು ತಿದ್ದಬಹುದು. ಇಂಥ ಮಾತನ್ನು ನಾನು ಹೇಳಿಕೊಡಲಾರೆ.

ಇನ್ನೊಂದು, ನಾನು ಮಕ್ಕಳ ಎದುರು ನಿಲ್ಲುವುದು ಬಿಟ್ಟಿದ್ದೇನೆ. ಬರ್ಲಿನ್‌ನಲ್ಲಿ ಹಾನ್ಸ್ ಎಂಬ ಕುದುರೆ ಗೊರಸು ಬಡಿದು ಲೆಕ್ಕ ಹೇಳುತ್ತದೆ ಅಂತ ಹೆಸರಾಗಿತ್ತು. 1907ರಲ್ಲಿ ಮನಶ್ಶಾಸ್ತ್ರಜ್ಞ ಓಸ್ಕರ್ ಫುಂಗ್ಸ್ಟ್ ಅದರ ಗುಟ್ಟು ಬಿಡಿಸಿದರು. ಸರಿಯುತ್ತರ ಬಂದ ಕೂಡಲೇ ಕೇಳಿದವರ ತಲೆ, ಮೈ ತಮಗೇ ತಿಳಿಯದಂತೆ ಒಂದಿಷ್ಟು ಅಲುಗುತ್ತಿತ್ತು. ಕುದುರೆ ಅದನ್ನು ನೋಡಿ ನಿಲ್ಲಿಸುತ್ತಿತ್ತು. ಕೇಳುವವರು ಕಣ್ಣಿಗೆ ಬೀಳದಿದ್ದರೆ ಅದಕ್ಕೆ ಉತ್ತರವೂ ಇಲ್ಲ. ಕುದುರೆಗೇ ಅಷ್ಟು ಗೊತ್ತಾಗುವುದಾದರೆ ಮಕ್ಕಳಿಗೆ ಗೊತ್ತಾಗದೆ ಇರುತ್ತದೆಯೇ? ಈಗ ಹಾಡುವ ಭಾಗವತರ ಹಿಂದೆ ಕೂತು ನೋಡುತ್ತೇನೆ. ಮಕ್ಕಳು ನನ್ನ ಹುಬ್ಬು ನೋಡುವ ಬದಲು ಮದ್ದಳೆಗೆ ಕಿವಿ ಕೊಡುತ್ತಾರೆ.

ಜಾಸ್ತಿ ನಿರೀಕ್ಷೆಯೂ ಹೊರೆಯೇ. ಮೇಳದಲ್ಲಿದ್ದ ಅಜ್ಜನ ಮೊಮ್ಮಗನೊಬ್ಬ ಪುಂಡುವೇಷದ ಪ್ರವೇಶದಲ್ಲಿ ಮರದ ಕೊರಡಿನ ಹಾಗೆ ನಿಲ್ಲುತ್ತಿದ್ದ. ಎಲ್ಲ ಪಾತ್ರಗಳೂ ಒಂದು ಸುತ್ತು ಆದ ಮೇಲೆ ಅವನೇ ಬಂದು, ‘ಮಾಷ್ಟ್ರೇ, ನನಗೆ ಹಾಸ್ಯ ಆಗಬಹುದಾ?’ ಅಂತ ಕೇಳಿದ. ಕೊಟ್ಟೆ. ಅಜ್ಜನಿಗೆ ಬೇಸರ ಆಯಿತು. ಸಭೆಯಲ್ಲಿ ಮಾತ್ರ ಅವರೇ ಎಲ್ಲರಿಗಿಂತ ಜೋರಾಗಿ ನಕ್ಕರು.

ಇದರಿಂದ ಎಲ್ಲರೂ ಕಲಾವಿದರಾಗುತ್ತಾರೆ ಅಂತ ಹೇಳುತ್ತಿಲ್ಲ. ತಾಳ ಕೆಲವರಿಗೆ ಬೇಗ ಹಿಡಿಯುತ್ತದೆ, ಕೆಲವರಿಗೆ ಎಷ್ಟು ಮಾಡಿದರೂ ಜಾರುತ್ತದೆ. ಮನಶ್ಶಾಸ್ತ್ರಜ್ಞರಾದ ಲೀ ಜಸ್ಸಿಮ್ ಮತ್ತು ಕೆಂಟ್ ಹಾರ್ಬರ್ 2005ರಲ್ಲಿ ಅಷ್ಟೂ ವರ್ಷಗಳ ಸಂಶೋಧನೆಯನ್ನು ಜಾಲಿಸಿ ನೋಡಿ, ಟೀಚರ ನಿರೀಕ್ಷೆಯ ಪ್ರಭಾವ ಸಾಮಾನ್ಯವಾಗಿ ಸಣ್ಣದೇ ಅಂದರು. ಆದರೆ ಮೊದಲೇ ಜನರ ತಾತ್ಸಾರಕ್ಕೆ ಒಳಗಾದ ಮಕ್ಕಳ ಮೇಲೆ ಅದು ಹೆಚ್ಚು ಬೀಳಬಹುದು ಅಂತಲೂ ಸೇರಿಸಿದರು. ತುಳು, ಬ್ಯಾರಿ, ಕೊಂಕಣಿ, ಮರಾಠಿ, ಮಲಯಾಳ ಎಲ್ಲ ಒಂದೇ ಬೆಂಚಿನಲ್ಲಿ ಕೂರುವ ನಮ್ಮ ಊರಿನಲ್ಲಿ ‘ಇವರಿಗೆ ಕನ್ನಡ ಬರಲಿಕ್ಕಿಲ್ಲ’ ಅನ್ನುವ ಮಾತು ಎಷ್ಟು ಸುಲಭವಾಗಿ ಬಾಯಿಗೆ ಬರುತ್ತದೆ ಅಂತ ಗೊತ್ತಿದ್ದವರಿಗೆ ಈ ಸಾಲು ಸಣ್ಣದಾಗಿ ಕಾಣುವುದಿಲ್ಲ.

ವೇಷಭೂಷಣದವರಿಗೆ ಈಗ ಜೂನಿನಲ್ಲೇ ಪಾತ್ರಗಳ ಪಟ್ಟಿ ಕಳಿಸುತ್ತೇನೆ, ಮಕ್ಕಳ ಹೆಸರಿಲ್ಲದೆ. ಅಳತೆ ಕೇಳಿದರೆ ಓಣಂ ಕಳೆಯಲಿ ಅನ್ನುತ್ತೇನೆ. ಬೈಯುತ್ತಾರೆ. ಆದರೂ ಹೊತ್ತಿಗೆ ಸರಿಯಾಗಿ ಪೆಟ್ಟಿಗೆ ತಂದು ಇಳಿಸುತ್ತಾರೆ.